ಕಾಕಾನ ಸಿಂಗಾಪುರ ಕೋಬಿ

ಮೊನ್ನೆ ಸೊಸೆ ಗದಗಿನ ಪೇಟೆಯಿಂದ ಒಂದು ಉದ್ದನೆಯ ಕೋಸು ತಂದಿದ್ದಳು. ನಮಗೆಲ್ಲ ಗೊತ್ತಿರುವ ದುಂಡನೆಯ ಕೋಸಲ್ಲ. ಒಂದು ಮೊಳ ಉದ್ದ, ಮೈಯೆಲ್ಲ ಬಿಳಿ ದಂಟು, ಎಲೆಯ ಅಂಚಿಗೆ ಮಾತ್ರ ತಿಳಿಹಸಿರು ಸುಕ್ಕು. ಹೊಸ ನಮೂನೆಯ ಕಾಯಿಪಲ್ಲೆಯಂತೆ, ಚೀನಾದ್ದಂತೆ, ಹೋಟೆಲಿನವರು ಹುಡುಕಿಕೊಂಡು ಬಂದು ಒಯ್ಯುತ್ತಾರಂತೆ. ಎಂಬತ್ತು ದಾಟಿದ ಮುದುಕಿಗೆ ಹೊಸದೊಂದನ್ನು ತೋರಿಸುವ ಹುರುಪು ಅವಳಿಗೆ. ನಾನೂ ಕಂಡರಿಯದವಳ ಹಾಗೆ ತಲೆಯಾಡಿಸಿದೆ. ಅವಳು ಒಳಗೆ ಹೋದ ಮೇಲೆ ಎಲೆ ಬಿಡಿಸುತ್ತ ಕುಳಿತೆ. ಒಂದೊಂದೇ ಎಲೆ ಕಳಚಿ ನಡುವಿನ ಸುಳಿ ಕಂಡಾಗ ಕೈ ತಾನಾಗಿಯೇ ಒಳಗೆ ಹೋಗಿ ಅದನ್ನು ಪಟ್ಟನೆ ಮುರಿಯಿತು. ಹಸಿ ಸಾಸಿವೆಯ ತೆಳು ಘಾಟು, ಅದರ ಹಿಂದೆ ಮಳೆನೀರಿನಂಥ ಸಿಹಿ ವಾಸನೆ. ಎಪ್ಪತ್ತೈದು ವರ್ಷದ ಹಿಂದೆ ಇದೇ ವಾಸನೆ ಇದೇ ಬೆರಳುಗಳಿಗೆ ಹತ್ತಿತ್ತು. ಮೊನ್ನೆ ಎರಡು ಸಲ ಸಾಬೂನು ಹಚ್ಚಿ ತೊಳೆದರೂ ಸಂಜೆಯವರೆಗೆ ಹೋಗಲಿಲ್ಲ.

ನಮ್ಮ ಮನೆ ಆಗ ಬೆಟಗೇರಿಯಲ್ಲಿ, ನೇಕಾರರ ಓಣಿಯ ಕೊನೆಗಿತ್ತು. ಮಣ್ಣಿನ ಮಾಳಿಗೆಯ ಮನೆ. ಎರಡೂ ಮಗ್ಗುಲ ಗೋಡೆಗಳಾಚೆ ಮಗ್ಗದ ಸದ್ದು ಬೆಳಗಿನಿಂದ ದೀಪ ಹಚ್ಚುವತನಕ ನಿಲ್ಲುತ್ತಿರಲಿಲ್ಲ. ನಾವು ನೇಕಾರರಲ್ಲ. ಅಪ್ಪ ಕಾಳುಕಡಿಯ ವ್ಯಾಪಾರ ಮಾಡುತ್ತಿದ್ದ, ಹತ್ತಿರದ ಅಸುಂಡಿಯಲ್ಲಿ ಎರೆಮಣ್ಣಿನ ಹೊಲವಿತ್ತು. ಮನೆಯಲ್ಲಿ ಅಜ್ಜಿ, ಅಪ್ಪ, ಅವ್ವ, ನಾನು. ಆಮೇಲೆ ಅಪ್ಪನ ತಮ್ಮ ಶಿವಪ್ಪ ಕಾಕಾ ಮತ್ತು ಅವನ ಹೆಂಡತಿ ನೀಲವ್ವ ಚಿಗವ್ವ. ಹಿತ್ತಲಲ್ಲಿ ಒಂದು ನುಗ್ಗೆಮರ, ಆಕಳ ಕೊಟ್ಟಿಗೆ, ಸವುಳು ನೀರಿನ ಬಾವಿ. ಅಂಥ ಮನೆ ನೀವೂ ಕಂಡಿರುತ್ತೀರಿ, ಹೇಳಿಕೊಳ್ಳುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಆದರೆ ಈಗಲೂ ಕಣ್ಣು ಮುಚ್ಚಿದರೆ ನಾನು ಹೋಗಿ ನಿಲ್ಲುವುದು ಆ ಹಿತ್ತಲಿನಲ್ಲೇ.

ನನ್ನನ್ನು ಹೆತ್ತವಳು ಅವ್ವನಾದರೂ ತಲೆ ಬಾಚಿ, ಉಣಿಸಿ, ಮಗ್ಗುಲಲ್ಲಿ ಮಲಗಿಸಿಕೊಂಡವಳು ಚಿಗವ್ವ. ಅವಳು ಅಸುಂಡಿಯವಳೇ, ಅವಳ ಅಣ್ಣನ ಹೊಲ ನಮ್ಮ ಹೊಲದ ಬದುವಿಗೆ ಹತ್ತಿಕೊಂಡಿತ್ತು, ಹಾಗಾಗಿಯೇ ಆ ಸಂಬಂಧ ಬೆಳೆದದ್ದು. ಮದುವೆಯಾದ ಮರುವರ್ಷ ಕಾಕಾ ದಂಡಿಗೆ ಸೇರಿ ಸಿಂಗಾಪುರಕ್ಕೆ ಹೋದ. ಅಲ್ಲಿ ಜಪಾನಿನವರ ಸೆರೆಗೆ ಸಿಕ್ಕನೆಂದು ಮೊದಲು ಸುದ್ದಿ ಬಂತು, ಆಮೇಲೆ ಸತ್ತನೆಂದು. ಮನೆಯವರು ಅತ್ತರು, ಸತ್ತವರಿಗೆ ಮಾಡುವುದನ್ನೆಲ್ಲ ಮಾಡಿದರು. ಒಂದೆರಡು ವರ್ಷ ಕಳೆದ ಮೇಲೆ ಅಜ್ಜಿಯೇ ಮುಂದೆ ನಿಂತು, ಇಪ್ಪತ್ತು ತುಂಬದ ಹುಡುಗಿ ಮೂಲೆಯಲ್ಲಿ ಕುಳಿತು ಜೀವ ಸವೆಸುವುದು ಬೇಡವೆಂದು, ಅವಳಿಗೆ ಉಡಿಕೆ ಮಾಡಿಸಿದಳು. ಗಂಡ ಸತ್ತವಳಿಗೆ ಮತ್ತೊಂದು ಮನೆ ಮಾಡಿಕೊಡುವ ಪದ್ಧತಿ ನಮ್ಮಲ್ಲಿತ್ತು. ಬಾಜಾ ಬಜಂತ್ರಿ ಇಲ್ಲದೆ, ನಾಲ್ಕು ಜನರೆದುರು, ಹೊಸ ಸೀರೆ ಉಡಿಸಿ ಕಳಿಸುತ್ತಿದ್ದರು. ಲಕ್ಷ್ಮೇಶ್ವರದಲ್ಲಿ ಅರಿವೆ ಬಟ್ಟೆಯ ಅಂಗಡಿ ಇಟ್ಟುಕೊಂಡಿದ್ದ, ಹೆಂಡತಿ ತೀರಿಹೋದ ಒಬ್ಬ ಸಜ್ಜನನಿಗೆ ಅವಳನ್ನು ಕೊಟ್ಟರು. ಲಕ್ಷ್ಮೇಶ್ವರ ಆಗ ಸಂಸ್ಥಾನದ ಊರು, ನಾವು ಮುಂಬೈ ಸರಕಾರದವರು. ಒಂದು ದಿನದ ಚಕ್ಕಡಿ ದಾರಿಯಾದರೂ ಬೇರೆ ರಾಜ್ಯಕ್ಕೆ ಕೊಟ್ಟೆವು ಎಂದು ಅಜ್ಜಿ ಹೇಳುತ್ತಿದ್ದಳು. ನಾನು ಚಕ್ಕಡಿಯ ಹಿಂದೆ ಓಣಿಯ ತುದಿಯವರೆಗೆ ಓಡಿದ್ದು ನೆನಪಿದೆ.

ಯುದ್ಧ ಮುಗಿದ ಮೇಲೆ ಒಂದು ಮಧ್ಯಾಹ್ನ ಕಾಕಾ ಬಂದು ಬಾಗಿಲಲ್ಲಿ ನಿಂತ. ಎಲುಬಿಗೆ ಚರ್ಮ ಹತ್ತಿದ ಆಳು. ಅಜ್ಜಿ ಗುರುತಿಸಲು ಅವನು ಮಾತಾಡಬೇಕಾಯಿತು. ಅವನಿಗೆ ನೀರು ಕೊಟ್ಟರು, ಊಟಕ್ಕೆ ಬಡಿಸಿದರು, ಅತ್ತರು, ಅವನನ್ನು ಮುಟ್ಟಿ ಮುಟ್ಟಿ ನೋಡಿದರು. ಆದರೆ ಹೇಳಬೇಕಾದ್ದನ್ನು ಯಾರೂ ಹೇಳಲಿಲ್ಲ. ಉಂಡು ಕೈ ತೊಳೆದು ಅವನು ಒಳಕೋಣೆಯ ಗೂಟದ ಕಡೆ ನೋಡಿದ. ಚಿಗವ್ವನ ಸೀರೆ ಅಲ್ಲಿರಲಿಲ್ಲ. ಆಗ ಅಜ್ಜಿ ನೆಲ ನೋಡುತ್ತ, "ಲಕ್ಷ್ಮೇಶ್ವರಕ್ಕ ಕೊಟ್ಟೇವಿ, ಅಪ್ಪಾ" ಅಂದಳು. ಕಾಕಾ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತ ಕುಳಿತ. ಕೊನೆಗೆ, "ಚಲೋ ಮನ್ಯಾಗ ಕೊಟ್ಟೀರೇನು?" ಎಂದು ಕೇಳಿದ. ಚಲೋ ಮನೆ ಎಂದಳು ಅಜ್ಜಿ. "ಆತು" ಎಂದವನು ಎದ್ದು ಹಿತ್ತಲಿಗೆ ಹೋದ. ಅಂದಿನಿಂದ ಅವನ ವಾಸ ಹೆಚ್ಚುಕಡಿಮೆ ಅಲ್ಲಿಯೇ ಆಯಿತು.

ಅವನು ಸಿಂಗಾಪುರದಿಂದ ತಂದದ್ದು ಮೈಮೇಲಿನ ಅಂಗಿ ಮತ್ತು ಒಂದು ತಂಬಾಕಿನ ಡಬ್ಬಿ. ಡಬ್ಬಿಯಲ್ಲಿ, ಕಾಗದದ ಪೊಟ್ಟಣದೊಳಗೆ, ಸಾಸಿವೆಯಂಥ ಬೀಜ, ಈ ಉದ್ದ ಕೋಸಿನದು. ಸೆರೆಯಲ್ಲಿದ್ದಾಗ ಇವರನ್ನು ಕಾಯಿಪಲ್ಲೆಯ ತೋಟದಲ್ಲಿ ದುಡಿಸಿಕೊಳ್ಳುತ್ತಿದ್ದರಂತೆ. ಅಲ್ಲೊಬ್ಬ ಚೀನೀ ಮುದುಕ. ಅವನ ಮಾತು ಇವನಿಗೆ ತಿಳಿಯದು, ಇವನದು ಅವನಿಗೆ ತಿಳಿಯದು. ಕೈ ಹಿಡಿದು ಕಲಿಸಿದನಂತೆ, ಕದ್ದು ಉಣ್ಣಿಸಿದನಂತೆ, ಬಿಡುಗಡೆಯ ದಿನ ಈ ಬೀಜ ಕೊಟ್ಟನಂತೆ. ಹೆಚ್ಚಿನದನ್ನು ಕಾಕಾ ಹೇಳಲಿಲ್ಲ. ಬಂದ ವರ್ಷ ಮಳೆಗಾಲದಲ್ಲೇ ಅರ್ಧ ಬೀಜ ಬಿತ್ತಿ ಕೈ ಸುಟ್ಟುಕೊಂಡ. ಹೆಚ್ಚಿನ ಸಸಿಗಳನ್ನು ಹುಳ ತಿಂದು, ಉಳಿದವು ಕೊಳೆತವು. ಕೋಸಿಗೆ ನಮ್ಮ ಕಡೆ ಕೋಬಿ ಎನ್ನುತ್ತಾರೆ, ಓಣಿಯವರು ನಕ್ಕು ಅದಕ್ಕೆ ಸಿಂಗಾಪುರ ಕೋಬಿ ಎಂದು ಹೆಸರಿಟ್ಟರು. ಮುಂದಿನ ಬಿತ್ತನೆಗೆ ಅವನು ಮರುವರ್ಷದ ಚಳಿ ಬರುವವರೆಗೆ ಕಾದ.

ಅದು ಸ್ವಾತಂತ್ರ್ಯ ಬಂದ ವರ್ಷದ ಚಳಿಗಾಲ. ನಾನು ಎಂಟು ವರ್ಷದವಳು. ಒಡೆದ ಗಡಿಗೆಯ ತಳದಲ್ಲಿ ಕಾಕಾ ಕೆಂಪು ಮಸಾರಿ ಮಣ್ಣು, ಹಳೆಯ ಸಗಣಿ ಗೊಬ್ಬರ ಜರಡಿ ಹಿಡಿದು ತುಂಬಿದ. ಡಬ್ಬಿ ತೆಗೆದು, ಉಳಿದ ಬೀಜವನ್ನೆಲ್ಲ ಅಂಗೈಯಲ್ಲಿ ಸುರಿದುಕೊಂಡು, ಸ್ವಲ್ಪ ಹೊತ್ತು ನೋಡಿ, ಎಲ್ಲವನ್ನೂ ಉದುರಿಸಿದ. ಮೇಲೆ ಇರುವೆ ಬಾರದಂತೆ ಒಲೆಯ ಬೂದಿ, ಅದರ ಮೇಲೆ ಒದ್ದೆ ಗೋಣಿತಾಟು. ಹಳೆಯ ಬೀಜ, ಹುಟ್ಟುವುದೋ ಇಲ್ಲವೋ ಎಂಬ ಚಿಂತೆ. ನಾಲ್ಕನೆಯ ದಿನ ಗೋಣಿ ಎತ್ತಿದರೆ ಹತ್ತಿಪ್ಪತ್ತು ಕಡೆ ಎರಡೆರಡು ಎಲೆ ಎದ್ದಿದ್ದವು. ಅವುಗಳಲ್ಲಿ ಬದುಕಿ ನಾಲ್ಕೆಲೆ ಒಡೆದವು ಒಂಬತ್ತು. ಒಂದು ಸಂಜೆ ಬಿಸಿಲಿಳಿದ ಮೇಲೆ ಅವನ್ನು ಕೊಟ್ಟಿಗೆಯ ಹಿಂದಿನ ಮಡಿಗೆ ನೆಟ್ಟು, ಒಂದೊಂದಕ್ಕೂ ಔಡಲ ಎಲೆಯ ನೆರಳು ಮಾಡಿದ. ಬಾವಿಯ ಸವುಳು ನೀರು ಹಾಕಲು ಮನಸ್ಸಿಲ್ಲದೆ ದೂರದ ಸಿಹಿನೀರಿನ ಬಾವಿಯಿಂದ ಹೊತ್ತು ತಂದು, ತಂಬಿಗೆಯಿಂದ ಬುಡಕ್ಕಷ್ಟೇ ಎರೆಯುತ್ತಿದ್ದ. ಬೆಳಿಗ್ಗೆ ಎದ್ದು ಎಲೆಯ ಅಡಿಯ ಹುಳ ಆರಿಸುವುದು ನಮ್ಮಿಬ್ಬರ ಕೆಲಸ. ಆ ಹೊತ್ತಿನಲ್ಲಿ ಮಾತ್ರ ಅವನು ಚಿಗವ್ವನ ಬಗ್ಗೆ ಕೇಳುತ್ತಿದ್ದ: ಅವಳು ಏನು ಹಾಡುತ್ತಿದ್ದಳು, ನನಗೆ ಹೇಗೆ ಜಡೆ ಹಾಕುತ್ತಿದ್ದಳು, ಹೋಗುವ ದಿನ ಅತ್ತಳೇ. ಮನೆಯಲ್ಲಿ ಬೇರೆ ಯಾರೂ ಅವಳ ಹೆಸರೆತ್ತುತ್ತಿರಲಿಲ್ಲ. ಕೇಳಿದ್ದನ್ನೇ ಅವನು ಮತ್ತೆ ಕೇಳುತ್ತಿದ್ದ, ನಾನೂ ಹೇಳಿದ್ದನ್ನೇ ಹೇಳುತ್ತಿದ್ದೆ.

ಆ ಸಲ ಎಳ್ಳಮಾವಾಸ್ಯೆಗೆ ಚಿಗವ್ವನ ಅಣ್ಣ ಅವಳನ್ನೂ ಅವಳ ಗಂಡನನ್ನೂ ಅಸುಂಡಿಗೆ ಕರೆಸುತ್ತಾನೆಂದು ಸುದ್ದಿ ಬಂತು. ಎಳ್ಳಮಾವಾಸ್ಯೆ ಎಂದರೆ ನಮ್ಮ ಕಡೆ ಚರಗ ಚೆಲ್ಲುವ ಹಬ್ಬ. ಎಲ್ಲರೂ ಚಕ್ಕಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆಗೆ ನೈವೇದ್ಯ ಚೆಲ್ಲಿ, ಅಲ್ಲೇ ಉಣ್ಣುವುದು. ಉಣ್ಣುವ ಮೊದಲು ಬದುವಿನಾಚೆಯ ಹೊಲದವರಿಗೆ ಒಂದು ತಾಟು ಕೊಟ್ಟು ಕಳಿಸಬೇಕು, ಅವರ ತಾಟು ನಮಗೆ ಬರಬೇಕು. ವೈರವಿದ್ದರೂ ಆ ದಿನ ತಾಟನ್ನು ತಿರುಗಿ ಕಳಿಸುವಂತಿಲ್ಲ. ಕಾಕಾ ಅಜ್ಜಿಯ ಹತ್ತಿರ ಹೋಗಿ, ತಾನು ಹೊಲಕ್ಕೂ ಬರುವುದಿಲ್ಲ, ಅವಳ ಮುಖವನ್ನೂ ನೋಡುವುದಿಲ್ಲ, ಮಾತನ್ನೂ ಹೇಳಿ ಕಳಿಸುವುದಿಲ್ಲ, ಆ ದಿನದ ತಾಟಿನಲ್ಲಿ ಈ ಕೋಬಿಯ ಪಲ್ಲೆ ಇರಲಿ, ಅಷ್ಟೇ ಎಂದ. ಅವಳ ಬಾಳು ಕದಡೀತು ಎಂದು ಅಜ್ಜಿ ಮೊದಲು ಒಪ್ಪಲಿಲ್ಲ. "ಯವ್ವಾ, ನನ್ನ ಕೈಲೆ ಅಕಿಗೆ ಏನೂ ಕೊಡಾಕ ಆಗಲಿಲ್ಲ. ಒಂದ ತುತ್ತು ಉಣ್ಲಿ" ಅಂದ. ಅಜ್ಜಿ ಸೆರಗು ಬಾಯಿಗೊತ್ತಿಕೊಂಡು ಹೂಂ ಅಂದಳು. ತಾಟು ಒಯ್ಯುವವಳು ನಾನು ಎಂದು ಗೊತ್ತಾಯಿತು.

ಹಾಗಾಗಿ ಆ ಒಂಬತ್ತು ಗಿಡಗಳಲ್ಲಿ ಒಂದಾದರೂ ಎಳ್ಳಮಾವಾಸ್ಯೆಯೊಳಗೆ ಗಡ್ಡೆ ಕಟ್ಟಬೇಕಿತ್ತು. ಗಿಡಗಳೇನೋ ಬೆಳೆದವು, ಮೊರದಗಲ ಹರಡಿದವು. ಆದರೆ ನಡುವೆ ಮುಚ್ಚಿಕೊಳ್ಳುವ ಲಕ್ಷಣ ಕಾಣಲಿಲ್ಲ. ಕಾಕಾ ದಿನಾ ಗೇಣು ಹಾಕಿ ಅಳೆಯುತ್ತಿದ್ದ. ಹದಿನೈದು ದಿನ ಉಳಿದಾಗ, ಇಷ್ಟು ಹೊತ್ತಿಗೆ ಕಟ್ಟಬೇಕಿತ್ತು ಎಂದು ಅವ್ವನ ಮುಂದೆ ಹೇಳಿ ನಿಟ್ಟುಸಿರು ಬಿಟ್ಟದ್ದನ್ನು ಕೇಳಿಸಿಕೊಂಡೆ. ಮರುದಿನ ಎತ್ತು ನೋಡಲು ಅಪ್ಪನ ಜೊತೆ ಮುಂಡರಗಿಗೆ ಹೋದ. ಎರಡು ದಿನ ಗಿಡ ನಿನ್ನ ಕೈಯಲ್ಲಿ ಎಂದು ನನಗೆ ಒಪ್ಪಿಸಿ ಹೋಗಿದ್ದ.

ಆಗಷ್ಟೇ ನಾನು ಹೊಲದಲ್ಲಿ ಕಡಲೆ ಚಿವುಟುವುದನ್ನು ಕಲಿತಿದ್ದೆ. ಎರೆ ಸೀಮೆಯಲ್ಲಿ ಕಡಲೆ ಗೇಣುದ್ದ ಆದಾಗ ಹೆಂಗಸರು, ಹುಡುಗಿಯರು ಸಾಲು ಹಿಡಿದು ಕುಡಿ ಚಿವುಟುತ್ತ ಹೋಗುತ್ತಾರೆ. ಉಡಿಯ ತುಂಬ ಹುಳಿ ಹುಳಿ ಸೊಪ್ಪು, ಬೆರಳ ತುದಿಯಲ್ಲಿ ಉರಿ. ಕುಡಿ ಹೋದ ಗಿಡ ನಾಲ್ಕು ಕವಲೊಡೆದು ಹೆಚ್ಚು ಕಾಯಿ ಬಿಡುತ್ತದೆ. ಪಾರವ್ವನ ಕೈಗುಣ ಚಲೋ, ಅವಳು ಚಿವುಟಿದ ಸಾಲು ಎಷ್ಟು ತುಂಬಿಕೊಂಡಿದೆ ನೋಡಿರಿ ಎಂದು ಅಜ್ಜಿಯೇ ಎಲ್ಲರೆದುರು ನನ್ನನ್ನು ಹೊಗಳಿದ್ದಳು. ಆ ಹೊಗಳಿಕೆ ನನ್ನ ತಲೆಗೇರಿತ್ತು. ಕಾಕಾನ ಗಿಡ ಏಕೆ ತುಂಬಿಕೊಳ್ಳುತ್ತಿಲ್ಲ ಎಂಬುದು ನನಗೆ ಹೊಳೆದುಬಿಟ್ಟಿತು. ಪಾಪ, ಸಿಂಗಾಪುರದಲ್ಲಿ ಕಲಿತವನು. ಅವನಿಗೆ ಚಿವುಟುವುದು ಗೊತ್ತಿಲ್ಲ. ಮಧ್ಯಾಹ್ನ ಅವ್ವ ಮಲಗಿದಾಗ ಮಡಿಗೆ ಹೋಗಿ ಕುಳಿತೆ. ದೊಡ್ಡ ಎಲೆಗಳನ್ನು ಸರಿಸಿದರೆ ನಡುವೆ ಎಳೆಹಳದಿ ಮರಿ ಎಲೆಗಳು ಒಂದನ್ನೊಂದು ಅಪ್ಪಿಕೊಂಡಿದ್ದವು. ಒಂದನ್ನೂ ಬಿಡಲಿಲ್ಲ. ಒಂಬತ್ತೂ ಸುಳಿ ಮುರಿದು ಕರುವಿಗೆ ಹಾಕಿದೆ. ಅದು ಬಾಲ ಅಲ್ಲಾಡಿಸುತ್ತ ತಿಂದಿತು.

ಕಾಕಾ ತಿರುಗಿ ಬಂದವನು ಕಾಲು ಕೂಡ ತೊಳೆಯದೆ ಹಿತ್ತಲಿಗೆ ಹೋದ. ನಾನು ಹಿಂದೆಯೇ ಓಡಿದೆ, ಶಾಭಾಸ್ ಅನ್ನಿಸಿಕೊಳ್ಳಲು. ಅವನು ಮೊದಲ ಗಿಡದ ಎದುರು ಕುಕ್ಕರಗಾಲಲ್ಲಿ ಕುಳಿತು ಎಲೆ ಸರಿಸಿದ, ಎರಡನೆಯದರದೂ ಸರಿಸಿದ, ಮೂರನೆಯದನ್ನು ಮುಟ್ಟಲಿಲ್ಲ. ಯಾರು ಎಂದು ಕೇಳಿದ. "ನಾನ ಕಾಕಾ. ಕಡ್ಲಿ ಚೂಟಿದಂಗ ಚೂಟೇನಿ. ಇನ್ನ ಜಲ್ದಿ ತುಂಬಿ ಬರ್ತಾವ" ಅಂದೆ. ಅವನು ನನ್ನ ಮುಖ ನೋಡಿದ. ಆ ನೋಟವನ್ನು ಹೇಗೆ ಹೇಳಲಿ? ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಇಷ್ಟು ಕಾಲ ಅದನ್ನು ಹೊತ್ತುಕೊಂಡು ತಿರುಗಬೇಕಿರಲಿಲ್ಲ. ಅಷ್ಟರಲ್ಲಿ ಅವ್ವ ಬಂದು, ನೋಡಿ, ಗಡ್ಡೆಯಾಗಬೇಕಾದ ಸುಳಿಯೇ ಹೋಗಿದೆ ಎಂದು ತಿಳಿದು, ನನ್ನ ರಟ್ಟೆ ಹಿಡಿದು ಬೆನ್ನಿಗೆ ಎರಡು ಬಿಟ್ಟಳು. ಮೂರನೆಯ ಏಟಿಗೆ ಕಾಕಾ ಅಡ್ಡ ಕೈ ಹಿಡಿದ. "ಬಡೀಬ್ಯಾಡ್ರಿ ವೈನಿ. ಅದಕ್ಕ ಚೂಟೂದು ಕಲಿಸಿದವರು ನಾವ ಅಲ್ಲೇನ್ರಿ?" ಅಂದ. ಆ ಸಂಜೆ ಅವನು ಉಣ್ಣಲಿಲ್ಲ. ಮರುದಿನ ಎಂದಿನಂತೆ ನೀರು ಹೊತ್ತು ತಂದು ಒಂಬತ್ತು ಬುಡಕ್ಕೂ ಎರೆದ.

ಎಳ್ಳಮಾವಾಸ್ಯೆಯ ದಿನ ಅವನೊಬ್ಬನೇ ಮನೆಯಲ್ಲಿ ಉಳಿದ. ಹೊಲದಲ್ಲಿ ಚರಗ ಚೆಲ್ಲಿದ ಮೇಲೆ ಅವ್ವ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಎಳ್ಳು ಹೋಳಿಗೆ ಜೋಡಿಸಿ ತಾಟಿನ ಮೇಲೆ ಅರಿವೆ ಮುಚ್ಚಿ ನನ್ನ ಕೈಗೆ ಕೊಟ್ಟಳು. ಬದು ದಾಟಿದೆ. ಬನ್ನಿಮರದ ಕೆಳಗೆ ಚಿಗವ್ವ ಒಂದು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದಳು. ಮೈ ತುಂಬಿಕೊಂಡಿದ್ದಳು. ಅವಳ ಗಂಡ ನನ್ನನ್ನು ಬಾಯ್ತುಂಬ ಮಾತಾಡಿಸಿ, ತನ್ನವರ ಜೊತೆ ಬೆಳೆ ನೋಡಲು ಎದ್ದುಹೋದ. ತಿಳಿದೇ ಹೋದನೇನೋ ಎಂದು ಈಗ ಅನ್ನಿಸುತ್ತದೆ. ಚಿಗವ್ವ ಅರಿವೆ ಸರಿಸಿದಳು. ರೊಟ್ಟಿಯ ಅಂಚು ಎತ್ತಿ ಕೆಳಗೆ ನೋಡಿದಳು. ಹೋಳಿಗೆಯನ್ನೂ ಎತ್ತಿ ನೋಡಿದಳು. ಅಸುಂಡಿಯವರ ಬಾಯಲ್ಲಿ ಸಿಂಗಾಪುರ ಕೋಬಿಯ ಸುದ್ದಿ ಅವಳಿಗೆ ಮುಟ್ಟಿತ್ತು. "ಅದು ಇಲ್ಲೇನು?" ಎಂದು ಕೇಳಿದಳು, ನನಗಷ್ಟೇ ಕೇಳುವ ಹಾಗೆ. ನಾನು ಅಳುತ್ತ ಎಲ್ಲವನ್ನೂ ಹೇಳಿದೆ: ಒಂಬತ್ತು ಗಿಡ, ಕಡಲೆ, ಕರು.

ಅವಳು ನನ್ನ ಕಣ್ಣೊರೆಸಿದಳು. ಬಿಚ್ಚಿಹೋದ ನನ್ನ ಜಡೆಯನ್ನು ಮೊದಲಿನ ಹಾಗೆಯೇ ಬಿಗಿಯಾಗಿ ಹೆಣೆದಳು. ಹೆಣೆಯುವಾಗ ನಡುನಡುವೆ ಅವಳ ಕೈ ನಿಲ್ಲುತ್ತಿತ್ತು. ಮುಗಿಸಿ, ನನ್ನನ್ನು ತಿರುಗಿಸಿಕೊಂಡು, "ಕಾಕಾಗ ಹೇಳು, ಚಿಗವ್ವ ಉಂಡ್ಲು ಅಂತ. ಪಲ್ಲೆ ಭಾಳ ಚಲೋ ಇತ್ತಂತ ಹೇಳು" ಅಂದಳು. ಅದು ಸುಳ್ಳಾಗುತ್ತದಲ್ಲ ಎಂದೆ. ಹೌದು, ಆದರೂ ಹೇಳು ಎಂದಳು. ತಾಟಿನಲ್ಲಿ ತಮ್ಮ ಮನೆಯ ಕಡುಬು ಇಟ್ಟು ಕಳಿಸಿದಳು. ಬದುವಿನ ಮೇಲೆ ನಿಂತು ತಿರುಗಿ ನೋಡಿದಾಗ ಅವಳು ಕೂಸಿಗೆ ಹಾಲೂಡಿಸುತ್ತ ಆ ಕಡೆ ಮುಖ ಮಾಡಿದ್ದಳು.

ಮನೆಗೆ ಬಂದಾಗ ಕಾಕಾ ಹಿತ್ತಲ ಕಟ್ಟೆಯ ಮೇಲೆ ಕುಳಿತಿದ್ದ. ಕೇಳಲಿಲ್ಲ. ನಾನೇ ಹೋಗಿ ಎದುರು ನಿಂತು, ಚಿಗವ್ವ ಉಂಡಳು, ಪಲ್ಲೆ ಭಾಳ ಚಲೋ ಇತ್ತಂತೆ ಎಂದು ಕಂಠಪಾಠ ಒಪ್ಪಿಸಿದಂತೆ ಹೇಳಿದೆ. ತಾಟಿನಲ್ಲಿ ಆ ಪಲ್ಲೆ ಹೋಗಿರಲಿಲ್ಲವೆಂಬುದು ನನಗಿಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಒಂಬತ್ತು ಗಿಡಗಳನ್ನೂ ನೋಡುತ್ತ ಕುಳಿತ. ಆಮೇಲೆ ನಿಧಾನವಾಗಿ, "ಉಪ್ಪು ಹೆಚ್ಚಾಗಿರಲಿಲ್ಲಂತೇನು?" ಎಂದು ಕೇಳಿದ. ನಾನು ಗಾಬರಿಯಾಗಿ ಇಲ್ಲವಂತೆ ಅಂದೆ. "ಆತು ಬಿಡು" ಎಂದು ನನ್ನ ಹೊಸ ಜಡೆಯನ್ನು ಒಂದು ಸಲ ಮುಟ್ಟಿ ನೋಡಿ ಎದ್ದುಹೋದ.

ಸುಳಿ ಹೋದ ಗಿಡಗಳು ಸಾಯಲಿಲ್ಲ. ಮಗ್ಗುಲಲ್ಲಿ ಕವಲೊಡೆದು, ಶಿವರಾತ್ರಿಯ ಸುಮಾರಿಗೆ ಹಳದಿ ಹೂ ಬಿಟ್ಟವು, ಬೀಜವಾದವು. ಕಾಕಾ ಅದನ್ನು ಒಣಗಿಸಿ ಡಬ್ಬಿಗೆ ತುಂಬಿಟ್ಟ. ಮುಂದಿನ ಚಳಿಗೆ ಬೇಗ ಬಿತ್ತಿದ, ಬಾಳೆ ನಾರಿನಿಂದ ಎಲೆಗಳನ್ನು ಸಡಿಲವಾಗಿ ಕಟ್ಟಿದ, ಎಳ್ಳಮಾವಾಸ್ಯೆಗೆ ಸರಿಯಾಗಿ ಏಳು ಗಡ್ಡೆ ಕಟ್ಟಿದವು. ಎತ್ತಿಕೊಂಡರೆ ಎಳೆಗೂಸಿನಷ್ಟು ಭಾರ. ಆದರೆ ಚಿಗವ್ವನ ಅಣ್ಣ ಅಷ್ಟರಲ್ಲಿ ಹೊಲ ಮಾರಿ ಹುಬ್ಬಳ್ಳಿಯ ಗಿರಣಿ ಸೇರಿದ್ದ. ಬದುವಿನಾಚೆ ಯಾರೋ ಬೇರೆಯವರಿದ್ದರು. ಸಂಸ್ಥಾನಗಳು ಹೋಗಿ ಲಕ್ಷ್ಮೇಶ್ವರವೂ ನಮ್ಮದೇ ಸರಕಾರಕ್ಕೆ ಬಂತು, ಮೋಟಾರು ಓಡಾಡತೊಡಗಿತು, ನಡುವಿನ ಗಡಿ ಅಳಿಸಿಹೋಯಿತು. ಕಾಕಾ ಆ ದಾರಿ ಹಿಡಿಯಲಿಲ್ಲ. ಅಜ್ಜಿಗೆ ಕೊಟ್ಟ ಮಾತು ಅಜ್ಜಿ ಸತ್ತ ಮೇಲೂ ಉಳಿಯಿತು. ವರ್ಷವರ್ಷವೂ ಬೆಳೆದು ಓಣಿಯ ಪ್ರತಿ ಮನೆಗೂ ಹಂಚುತ್ತಿದ್ದ. ನಕ್ಕವರೆಲ್ಲ ಈಗ ರೊಟ್ಟಿಯ ಜೊತೆ ಹಸಿಯಾಗಿಯೇ ಕಡಿದು ತಿಂದು, ಮತ್ತೆ ಯಾವಾಗ ಎಂದು ಕೇಳುತ್ತಿದ್ದರು. ನಮ್ಮ ಮನೆಯಲ್ಲೂ ಪಲ್ಲೆಯಾಗುತ್ತಿತ್ತು. ನನಗೆ ಮಾತ್ರ ಒಂದು ತುತ್ತೂ ಇಳಿಯಲಿಲ್ಲ. ಅವಳು ಉಣ್ಣದ್ದನ್ನು ನಾನು ಹೇಗೆ ಉಣ್ಣಲಿ? ಕಾಕಾ ನನ್ನ ತಾಟಿನ ಕಡೆ ಒಮ್ಮೆ ನೋಡುತ್ತಿದ್ದ, ಒತ್ತಾಯ ಮಾಡುತ್ತಿರಲಿಲ್ಲ.

ಕನ್ನಡದವರೆಲ್ಲ ಒಂದು ರಾಜ್ಯವಾದ ವರ್ಷ ಅವನು ಜ್ವರದಲ್ಲಿ ತೀರಿಹೋದ. ಗದಗಿನಲ್ಲಿ ಮೆರವಣಿಗೆ ನಡೆದಿದ್ದಾಗ ನಮ್ಮ ಮನೆಯಲ್ಲಿ ಇನ್ನೂ ಸೂತಕದ ಮೌನ. ಮರುವರ್ಷ ನನ್ನ ಮದುವೆಯಾಯಿತು. ಆ ಗದ್ದಲದಲ್ಲಿ ಡಬ್ಬಿ ಎಲ್ಲಿ ಹೋಯಿತೋ, ಬೀಜ ಏನಾಯಿತೋ, ಯಾರಿಗೂ ತಿಳಿಯದು. ಆಮೇಲೆ ಮನೆಯೂ ಹೋಯಿತು. ಹಿತ್ತಲಿದ್ದಲ್ಲಿ ಈಗ ಒಂದು ವಾಹನ ದುರಸ್ತಿಯ ಅಂಗಡಿಯಿದೆ.

ಚಿಗವ್ವನನ್ನು ನಾನು ಮತ್ತೆ ಕಂಡದ್ದು ಒಂದೇ ಸಲ. ಗಂಡನ ಕಡೆಯವರ ಮದುವೆಗೆ ಲಕ್ಷ್ಮೇಶ್ವರಕ್ಕೆ ಹೋದಾಗ ಹುಡುಕಿಕೊಂಡು ಹೋದೆ. ಕೂದಲು ನೆರೆತಿತ್ತು, ಗಂಡ ತೀರಿಕೊಂಡಿದ್ದ, ಮಗ ಅಂಗಡಿ ನೋಡಿಕೊಳ್ಳುತ್ತಿದ್ದ. ಎಲ್ಲರ ಬಗ್ಗೆ ಕೇಳಿದಳು, ಕಾಕಾನ ಬಗ್ಗೆ ಕೇಳಲಿಲ್ಲ. ಹೊರಡುವಾಗ ಬಾಗಿಲ ಹತ್ತಿರ ನನ್ನ ಉಡಿಗೆ ಅಕ್ಕಿ, ಕೊಬ್ಬರಿ ಹಾಕುತ್ತ, ತಲೆ ಎತ್ತದೆ, "ಪಾರೂ, ಅದರ ರುಚಿ ಹೆಂಗ ಇರತಿತ್ತು?" ಎಂದಳು. ಎಂಟೊಂಬತ್ತು ವರ್ಷ ನಮ್ಮ ಮನೆಯಲ್ಲಿ ಬೆಂದದ್ದು, ಇಡೀ ಓಣಿ ಉಂಡದ್ದು. ಅವಳಿಗೆ ಅದನ್ನು ಹೇಳಬೇಕಾದವಳು ಬಾಯಿಗಿಟ್ಟಿರಲಿಲ್ಲ. ನಾನೂ ಉಂಡಿಲ್ಲ ಚಿಗವ್ವ ಅಂದೆ.

ಅವಳು ನನ್ನ ಉಡಿಯ ಅಂಚನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ, "ಹೋಗ್ಲಿ ಬಿಡು. ನಾ ಉಂಡೆ ಅಂತ ಅವರು ನಂಬಿದ್ರಲ್ಲ, ಅಷ್ಟ ಸಾಕು" ಅಂದಳು. ಅಂದವಳು ನನ್ನ ಮುಖವನ್ನೇ ನೋಡುತ್ತ ನಿಂತಳು.

ನಂಬಿದ್ದರು ಎಂದು ಎರಡನೆಯ ಸುಳ್ಳು ಹೇಳಿದೆ. ಅವಳು ಸಮಾಧಾನದಿಂದ ತಲೆಯಾಡಿಸಿ ನನಗೆ ಕುಂಕುಮ ಹಚ್ಚಿದಳು. ಈಗ ಅವಳೂ ಇಲ್ಲ. ಆ ದಿನ ಹೊಲದಲ್ಲಿ, ಹಿತ್ತಲಿನಲ್ಲಿ ಖರೆ ಏನು ನಡೆಯಿತೆಂದು ಬಲ್ಲವಳು ನಾನೊಬ್ಬಳೇ ಉಳಿದಿದ್ದೇನೆ.